ಹ್ಯಾಲಿ ಬೆರ್ರಿ: ಟೀನ್ ಕಿರೀಟದಿಂದ ಇಲ್ಲಿಯವರೆಗೆ

ಎಲ್ಲರಿಗೂ ನಮಸ್ಕಾರ.

2024ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನ ಸಂಸತ್ ಭವನದ ಹೊರಗೆ, 57 ವರ್ಷದ ಒಬ್ಬ ನಟಿ ಮೈಕ್ ಮುಂದೆ ನಿಂತು ತಮಗೆ ಮೆನೋಪಾಸ್, ಅಂದರೆ ಮುಟ್ಟು ನಿಲ್ಲುವ ಹಂತ, ಬಂದಿದೆ ಎಂದು ಜೋರಾಗಿ ಕೂಗಿ ಹೇಳಿದರು. ಅದರ ಸಂಶೋಧನೆಗೆ, ವೈದ್ಯರ ತರಬೇತಿಗೆ 27.5 ಕೋಟಿ ಡಾಲರ್ ಕೊಡಿ ಎನ್ನುವ ಮಸೂದೆಯ ಪರವಾಗಿ ಬಂದಿದ್ದರು. ಅವರೇ ಹ್ಯಾಲಿ ಬೆರ್ರಿ. 1985ರಲ್ಲಿ ಮಿಸ್ ಟೀನ್ ಆಲ್ ಅಮೆರಿಕನ್ ಕಿರೀಟ ಗೆದ್ದವರು. ಚೆಂದಕ್ಕೇ ಹೆಸರಾದವರು ವಯಸ್ಸನ್ನು ಮುಚ್ಚಿಡುವುದೇ ಜಾಸ್ತಿ. ಅದಕ್ಕೇ ಆ ಕೂಗು ನನಗೆ ತುಂಬಾ ಇಷ್ಟವಾಯಿತು.

ಹುಟ್ಟಿದ್ದು 1966ರಲ್ಲಿ, ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಅಪ್ಪ ಕಪ್ಪು ಜನಾಂಗದವರು, ಅಮ್ಮ ಬಿಳಿಯರು. ಅಪ್ಪ ಬೇಗನೇ ಮನೆ ಬಿಟ್ಟರು, ನರ್ಸ್ ಆಗಿದ್ದ ಅಮ್ಮನೇ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. ಬಿಳಿ ಮಕ್ಕಳೇ ಹೆಚ್ಚಿದ್ದ ಶಾಲೆಯಲ್ಲಿ ಈಕೆ ಪ್ರಾಮ್ ಕ್ವೀನ್, ಅಂದರೆ ಶಾಲೆಯ ನೃತ್ಯಕೂಟಕ್ಕೆ ಮತ ಹಾಕಿ ಆರಿಸುವ ರಾಣಿ, ಆಗಿ ಗೆದ್ದಾಗ, ಕಳ್ಳ ಮತ ಹಾಕಿಸಿದ್ದಾಳೆ ಎಂಬ ಆರೋಪ ಬಂತು. ಅಂದರೆ ಕಿರೀಟದ ಜೊತೆಗೇ ಅನುಮಾನವೂ ಬಂದಿತ್ತು.

1986ರಲ್ಲಿ ಮಿಸ್ ಯುಎಸ್ಎ ಸ್ಪರ್ಧೆಯಲ್ಲಿ ಎರಡನೇ ಸ್ಥಾನ, ಮಿಸ್ ವರ್ಲ್ಡ್‌ನಲ್ಲಿ ಆರನೆಯದು. ಆದರೆ ಕಿರೀಟ ಹೊಟ್ಟೆ ತುಂಬಿಸಲಿಲ್ಲ. ನಟಿಯಾಗಲು ನ್ಯೂಯಾರ್ಕ್‌ಗೆ ಹೋದವರು ಕೈಯಲ್ಲಿದ್ದ ದುಡ್ಡು ಮುಗಿದು, ಮನೆಯಿಲ್ಲದವರ ಆಶ್ರಯ ಕೇಂದ್ರದಲ್ಲಿ ಕೆಲಕಾಲ ಇದ್ದರು. 1989ರಲ್ಲಿ ಮೊದಲ ಟಿವಿ ಧಾರಾವಾಹಿ ಸಿಕ್ಕಿತು, ಅದೇ ಹೊತ್ತಿಗೆ ಸಕ್ಕರೆ ಕಾಯಿಲೆ ಇರುವುದೂ ಗೊತ್ತಾಯಿತು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಬಾಗಿಲು ತೆರೆಸಿದ ಮುಖವೇ ಒಳಗೆ ಹೋದ ಮೇಲೆ ಅಡ್ಡ ನಿಂತಿತು. 1991ರ 'ಜಂಗಲ್ ಫೀವರ್' ಚಿತ್ರದಲ್ಲಿ ನಿರ್ದೇಶಕ ಸ್ಪೈಕ್ ಲೀ ಇವರನ್ನು ಬೇರೆ ಪಾತ್ರಕ್ಕೆ ಯೋಚಿಸಿದ್ದರು. ಇವರು ಡ್ರಗ್ಸ್ ಚಟಕ್ಕೆ ಬಿದ್ದ ಹೆಂಗಸಿನ ಪಾತ್ರವೇ ಬೇಕು ಎಂದು ಕೇಳಿ ಪಡೆದರು, ಅದಕ್ಕಾಗಿ ದಿನಗಟ್ಟಲೆ ಸ್ನಾನವನ್ನೂ ಮಾಡಲಿಲ್ಲ. ಹತ್ತು ವರ್ಷ ಕಳೆದು 'ಮಾನ್‌ಸ್ಟರ್ಸ್ ಬಾಲ್' ಬಂದಾಗಲೂ ಅದೇ ಕಥೆ: ಈ ಬಡ ವಿಧವೆಯ ಪಾತ್ರಕ್ಕೆ ಇಷ್ಟು ಚೆಂದದವರು ಯಾಕೆ ಎಂಬ ಮಾತು ಬಂತು. ಅಷ್ಟು ವರ್ಷ ದುಡಿದವರಿಗೆ ಮತ್ತೆ ಅದೇ ಮಾತು ಕೇಳುವುದು ಎಷ್ಟು ನೋವಾಗಿರಬೇಕು!

ಆ ಪಾತ್ರಕ್ಕೇ 2002ರ ಮಾರ್ಚ್ 24ರಂದು ಆಸ್ಕರ್ ಬಂತು. ಅತ್ಯುತ್ತಮ ನಟಿ ಪ್ರಶಸ್ತಿ ಕಪ್ಪು ಮಹಿಳೆಗೆ ಸಿಕ್ಕಿದ್ದು ಅದೇ ಮೊದಲು. ವೇದಿಕೆಯ ಮೇಲೆ ಅಳುತ್ತಾ ಅವರು ಡೊರೊಥಿ ಡ್ಯಾಂಡ್ರಿಡ್ಜ್ ಹೆಸರು ಹೇಳಿದರು. ಡ್ಯಾಂಡ್ರಿಡ್ಜ್ ಕೂಡ ಕ್ಲೀವ್‌ಲ್ಯಾಂಡ್‌ನವರೇ, ಆ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಮೊದಲ ಕಪ್ಪು ನಟಿ. 1999ರ ಟಿವಿ ಚಿತ್ರವೊಂದರಲ್ಲಿ ಅವರ ಬದುಕನ್ನೇ ಬೆರ್ರಿ ಅಭಿನಯಿಸಿ, 2000ರಲ್ಲಿ ಟಿವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿ ಗೆದ್ದಿದ್ದರು.

ಆಮೇಲೆ 'ಕ್ಯಾಟ್‌ವುಮನ್' ಸೋತಿತು. ಅತಿ ಕೆಟ್ಟ ನಟನೆಗೆ ಕೊಡುವ ರಾಝಿ ಪ್ರಶಸ್ತಿ 2005ರಲ್ಲಿ ಇವರಿಗೆ ಬಂತು. ಸಾಮಾನ್ಯವಾಗಿ ಯಾರೂ ಅಲ್ಲಿಗೆ ಹೋಗುವುದಿಲ್ಲ. ಇವರು ಒಂದು ಕೈಯಲ್ಲಿ ಆಸ್ಕರ್ ಹಿಡಿದುಕೊಂಡೇ ಹೋಗಿ, ಸೋಲನ್ನು ಸರಿಯಾಗಿ ತೆಗೆದುಕೊಳ್ಳದವರು ಗೆಲುವನ್ನೂ ಸರಿಯಾಗಿ ತೆಗೆದುಕೊಳ್ಳಲಾರರು ಎಂದು ಅಮ್ಮ ಕಲಿಸಿದ್ದನ್ನು ನೆನೆದರು. ಈ ಧೈರ್ಯ ನನಗೆ ಆಸ್ಕರ್‌ಗಿಂತ ದೊಡ್ಡದಾಗಿ ಕಾಣುತ್ತದೆ. ಮುಂದೆ 'ಬ್ರೂಸ್ಡ್' ಎಂಬ ಚಿತ್ರವನ್ನು ತಾವೇ ನಿರ್ದೇಶಿಸಿ, ಅದರಲ್ಲಿ ಏಟು ತಿಂದು ಮುಖ ಊದಿಸಿಕೊಳ್ಳುವ ಫೈಟರ್ ಆಗಿಯೂ ನಟಿಸಿದರು.

ತಾನು ತೆರೆದ ಬಾಗಿಲಿನಿಂದ ಬೇರೆಯವರೂ ಬರುತ್ತಾರೆ ಎಂದು ಅವರು ನಂಬಿದ್ದರು. ವರ್ಷಗಳು ಕಳೆದರೂ ಯಾರೂ ಬರಲಿಲ್ಲ, ಆ ಗೆಲುವಿಗೆ ಅರ್ಥವೇ ಇರಲಿಲ್ಲವೇನೋ ಎಂದು 2017ರಲ್ಲಿ ಬೇಸರದಿಂದ ಹೇಳಿಕೊಂಡರು. ಕೊನೆಗೆ 2023ರಲ್ಲಿ ಅದೇ ಪ್ರಶಸ್ತಿ ಮಿಶೆಲ್ ಯೋ ಅವರಿಗೆ ಹೋಯಿತು. ಬಿಳಿಯರಲ್ಲದ ಎರಡನೇ ಮಹಿಳೆ ಅವರು, 1983ರ ಮಿಸ್ ಮಲೇಷ್ಯಾ ಕೂಡ. ಲಕೋಟೆ ಹಿಡಿದು ವೇದಿಕೆಯ ಮೇಲೆ ನಿಂತವರಲ್ಲಿ ಒಬ್ಬರು ಹ್ಯಾಲಿ ಬೆರ್ರಿ. ಇಪ್ಪತ್ತೊಂದು ವರ್ಷ ಕಾದಿದ್ದ ಖುಷಿ ಅವರ ಮುಖದಲ್ಲಿ ಕಾಣುತ್ತಿತ್ತು.