ಮಾಲ್ಗುಡಿ ಡೇಸ್: ಒಂದು ಕಥೆ, ಒಂದೇ ಎಪಿಸೋಡ್

[ಪರದೆಯಲ್ಲಿ: ಹೆಂಚಿನ ಮನೆಗಳ ಸಾಲು, ಮಳೆ ನಿಂತ ಬೀದಿ]

ಎಲ್ಲರಿಗೂ ನಮಸ್ಕಾರ. ಆರ್.ಕೆ. ನಾರಾಯಣ್ ಕಥೆಗಳಿಂದ ಶಂಕರ್ ನಾಗ್ ನಿರ್ದೇಶಿಸಿದ ಟಿವಿ ಸರಣಿ ಮಾಲ್ಗುಡಿ ಡೇಸ್ ಅಂದ ತಕ್ಷಣ ಎಲ್. ವೈದ್ಯನಾಥನ್ ಅವರ ಆ ಟ್ಯೂನ್, ಆರ್.ಕೆ. ಲಕ್ಷ್ಮಣ್ ಗೆರೆಗಳು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಇಷ್ಟೂ ಒಟ್ಟಿಗೇ ಕಣ್ಮುಂದೆ ಬರುತ್ತವೆ ಅಲ್ವಾ? ಇವತ್ತು ಸ್ವಾಮಿಯನ್ನು ಸ್ವಲ್ಪ ಪಕ್ಕಕ್ಕಿಡೋಣ. ಒಬ್ಬ ಗುಮಾಸ್ತನ ಕಥೆ ಹೇಳುತ್ತೇನೆ, 'ಫಾರ್ಟಿ-ಫೈವ್ ಎ ಮಂತ್'.

ಗುಮಾಸ್ತನ ಹೆಸರು ವೆಂಕಟ್ ರಾವ್. ಪುಟ್ಟ ಮಗಳು ಶಾಂತಾಗೆ ಸಂಜೆ ಸಿನಿಮಾಗೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿರುತ್ತಾನೆ. ಆಫೀಸಿನಲ್ಲಿ ಮ್ಯಾನೇಜರ್ ಬೇಗ ಬಿಡುವುದಿಲ್ಲ. ತಿಂಗಳಿಗೆ 40 ರೂಪಾಯಿ ಕೊಟ್ಟು ನನ್ನನ್ನೇ ಕೊಂಡುಕೊಂಡಿದ್ದಾರಾ ಅಂತ ಸಿಟ್ಟು ಬಂದು ರಾಜೀನಾಮೆ ಬರೆದೇಬಿಡುತ್ತಾನೆ. ಅಷ್ಟರಲ್ಲಿ ಮ್ಯಾನೇಜರ್, ನಿಮಗೆ 5 ರೂಪಾಯಿ ಸಂಬಳ ಜಾಸ್ತಿಯಾಗಿದೆ ಅನ್ನುತ್ತಾರೆ. ಅಷ್ಟೇ, ಕಾಗದ ವಾಪಸ್ ಜೇಬಿಗೆ. ರಾತ್ರಿ ಮನೆಗೆ ಬಂದರೆ ಮಗು ಸಿನಿಮಾಗೆ ಹಾಕಿಕೊಂಡ ಫ್ರಾಕಿನಲ್ಲೇ ಮಲಗಿಬಿಟ್ಟಿದೆ.

ಕಥೆ ಇಷ್ಟೇ. ಇದರಲ್ಲಿ ಖಳನಾಯಕ ಇಲ್ಲ, ಹೊಡೆದಾಟ ಇಲ್ಲ. ಈ ಗುಮಾಸ್ತನಾಗಿ ಟಿವಿಯಲ್ಲಿ ಬಂದವರು ಯಾರು ಗೊತ್ತಾ? ವಿಷ್ಣುವರ್ಧನ್! ಆ ಹೊತ್ತಿಗಾಗಲೇ ಕನ್ನಡದ ಜನ ಅವರನ್ನು ಸಾಹಸಸಿಂಹ ಅಂತ ಕರೆಯುತ್ತಿದ್ದರು. ಅಂಥವರನ್ನು ಕರೆತಂದು, ಐದು ರೂಪಾಯಿಗೆ ಬಾಯಿ ಮುಚ್ಚಿಕೊಳ್ಳುವ ಮನುಷ್ಯನ ಪಾತ್ರ ಕೊಟ್ಟರು ಶಂಕರ್ ನಾಗ್. ನನ್ನ ಪ್ರಕಾರ ಇಡೀ ಸರಣಿಯ ಅತ್ಯಂತ ಧೈರ್ಯದ ಆಯ್ಕೆ ಇದು.

[ಪರದೆಯಲ್ಲಿ: ಅಂಚೆ ಕಾರ್ಡು]

ಆರ್.ಕೆ. ನಾರಾಯಣ್ ಅವರ ಸಣ್ಣಕಥೆಗಳಲ್ಲಿ ನಡೆಯುವುದು ಕಡಿಮೆ. ಒಂದು ಸಂಜೆ, ಒಂದು ಸುಳ್ಳು, ಒಂದು ಕಾಗದ. ಅಂಚೆಯವನು ತಾನಪ್ಪನನ್ನೇ ನೋಡಿ. ಅವನು ಕಾಗದ ಕೊಡುವ ಒಂದು ಮನೆಯಲ್ಲಿ ಮದುವೆ ಇದೆ, ಅದೇ ಸಮಯಕ್ಕೆ ಆ ಮನೆಗೆ ಕೆಟ್ಟ ಸುದ್ದಿ ಬರುತ್ತದೆ, ಮದುವೆ ನಿಂತುಹೋಗಬಾರದು ಅಂತ ಅವನು ಅದನ್ನು ತಡೆದು ಇಟ್ಟುಕೊಳ್ಳುತ್ತಾನೆ. ಅವನು ಮಾಡಿದ್ದು ಸರಿಯೋ ತಪ್ಪೋ ಅಂತ ನಾರಾಯಣ್ ತೀರ್ಪು ಕೊಡುವುದಿಲ್ಲ. ಇಂಥದ್ದನ್ನು ಎರಡೂವರೆ ಗಂಟೆಯ ಸಿನಿಮಾ ಮಾಡಲು ಹೋದರೆ ಉಪಕಥೆ ಸೇರಿಸಬೇಕು, ಹಾಡು ಸೇರಿಸಬೇಕು, ಕೊನೆಗೆ ಕಥೆಯೇ ಕಳೆದುಹೋಗುತ್ತದೆ. ಅರ್ಧ ಗಂಟೆಯೊಳಗಿನ ಎಪಿಸೋಡ್ ಇವಕ್ಕೆ ಹೊಲಿಸಿದ ಅಂಗಿಯ ಹಾಗೆ ಕೂತುಕೊಂಡಿತು. 'ಸ್ವಾಮಿ ಅಂಡ್ ಫ್ರೆಂಡ್ಸ್', 'ದಿ ವೆಂಡರ್ ಆಫ್ ಸ್ವೀಟ್ಸ್' ಥರದ ಕಾದಂಬರಿಗಳು ಹಲವು ಎಪಿಸೋಡ್‌ಗಳಲ್ಲಿ ಬಂದವು, ಅದು ಸಹಜ.

ಜಾಗದ ವಿಷಯಕ್ಕೆ ಬರೋಣ. ನಾರಾಯಣ್ ಅವರ 'ಗೈಡ್' ಕಾದಂಬರಿ 1965ರಲ್ಲಿ ಹಿಂದಿ ಸಿನಿಮಾ ಆದಾಗ, ಅವರ ಕಲ್ಪನೆಯ ಊರಾದ ಮಾಲ್ಗುಡಿಯನ್ನು ಬಿಟ್ಟು ರಾಜಸ್ಥಾನಕ್ಕೆ ಹೋದರು. ನಾರಾಯಣ್‌ಗೆ ಅದು ಹಿಡಿಸಲಿಲ್ಲ, ಅದರ ಬಗ್ಗೆ ಲೇಖನವನ್ನೇ ಬರೆದರು. ಶಂಕರ್ ನಾಗ್ ಕೂಡ ಜಾಗ ಬದಲಿಸಿದರು, ಸುಳ್ಳು ಯಾಕೆ ಹೇಳಬೇಕು! ಪುಸ್ತಕದ ಮಾಲ್ಗುಡಿ ಸರಯೂ ನದಿಯ ದಡದ ಊರು, ಅಲ್ಲಿ ಮಲೆನಾಡಿನ ಮಳೆ ಇಲ್ಲ. ಟಿವಿಯ ಮಾಲ್ಗುಡಿ ಶಿವಮೊಗ್ಗ ಜಿಲ್ಲೆಯ ಆಗುಂಬೆ. ಅಲ್ಲಿನ ಬೀದಿ, ಅಲ್ಲಿನ ದೊಡ್ಡಮನೆ, ಅದೇ ಜಿಲ್ಲೆಯ ಅರಸಾಳು ರೈಲ್ವೆ ಸ್ಟೇಷನ್. ಕಲಾ ನಿರ್ದೇಶಕ ಜಾನ್ ದೇವರಾಜ್ ಇದ್ದ ಊರನ್ನೇ ಮಾಲ್ಗುಡಿ ಮಾಡಿದರು. ಆದರೂ ಇದು ಒಪ್ಪಿಗೆಯಾಗುತ್ತದೆ, ಯಾಕೆಂದರೆ ಎಲ್ಲರಿಗೂ ಎಲ್ಲರ ಮನೆಯ ವಿಷಯ ಗೊತ್ತಿರುವ ಚಿಕ್ಕ ಊರಿನ ಜೀವ ಹಾಗೇ ಉಳಿಯಿತು.

1980ರ ದಶಕದ ಕೊನೆಯಲ್ಲಿ ಇದು ದೂರದರ್ಶನದಲ್ಲಿ ಬಂತು, ನಿರ್ಮಾಪಕರು ಟಿ.ಎಸ್. ನರಸಿಂಹನ್. ಇಂಗ್ಲಿಷಿನ ಕಥೆಗಳು, ಮಾತು ಹಿಂದಿ, ಕ್ಯಾಮೆರಾ ಮುಂದೆ ಗಿರೀಶ್ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಅನಂತ್ ನಾಗ್ ಥರದ ನಮ್ಮವರು. 1990ರಲ್ಲಿ ಶಂಕರ್ ನಾಗ್ ಹೋಗಿಬಿಟ್ಟರು. ಮುಂದೆ ಕವಿತಾ ಲಂಕೇಶ್ ಇನ್ನಷ್ಟು ಎಪಿಸೋಡ್ ಮಾಡಿದರು, ಅವನ್ನೂ ನೋಡಿ.

ಒಂದು ಕೆಲಸ ಮಾಡಿ. ವೆಂಕಟ್ ರಾವ್ ಕಥೆಯನ್ನು ಮೊದಲು ಓದಿ, ನಾಲ್ಕೈದು ಪುಟ ಅಷ್ಟೇ. ಆಮೇಲೆ ಎಪಿಸೋಡ್ ನೋಡಿ. ಆ ಸಂಬಳದ ಸುದ್ದಿ ಕೇಳಿದಾಗ ವಿಷ್ಣುವರ್ಧನ್ ಮುಖದಲ್ಲಿ ನಿಮಗೆ ಏನು ಕಾಣಿಸಿತು ಅಂತ ಕೆಳಗೆ ಬರೆಯಿರಿ, ನಾನು ಓದುತ್ತೇನೆ.