ಕುಂಡ ಮಗುಚಿ ಬೇರು ನೋಡಿದೆ

ಎಲ್ಲರಿಗೂ ನಮಸ್ಕಾರ. ಇದು ಡೊಂಬಿವಲಿಯ ನಮ್ಮ ಮನೆಯ ಕಿಟಕಿ, ಹೊರಗೆ ಜುಲೈ ಮಳೆ. ಈ ಹೋಯಾ ಬಳ್ಳಿ ನೋಡಿ, ಎರಡು ತಿಂಗಳಿಂದ ಒಂದು ಹೊಸ ಎಲೆ ಬಿಟ್ಟಿಲ್ಲ. ಇದ್ದ ಎಲೆಗಳೂ ಮೆತ್ತಗಾಗಿ ಹಳದಿಯಾಗುತ್ತಿವೆ. ನೀರು ಜಾಸ್ತಿ ಹಾಕಿದೆ, ಗೊಬ್ಬರ ಹಾಕಿದೆ, ಜಾಗ ಬದಲಿಸಿದೆ, ಏನೂ ಆಗಲಿಲ್ಲ. ಪಕ್ಕದ ಮನೆಯ ಅಕ್ಕ ಪುತ್ತೂರಿನವರು, ಬಂದು ನೋಡಿ ಒಂದೇ ಮಾತು ಹೇಳಿದರು: "ಮೇಲೆ ಎಂತ ನೋಡ್ತೀಯ ಮಾರಾಯ್ತಿ, ಕುಂಡ ಮಗುಚಿ ಬೇರು ನೋಡು."

ಹಳೆ ಪೇಪರ್ ಹಾಸಿ, ಕುಂಡದ ಬದಿ ತಟ್ಟಿ ಗಿಡ ಹೊರಗೆ ತೆಗೆದೆ. ಕ್ಯಾಮೆರಾ ಹತ್ತಿರ ತರುತ್ತೇನೆ. ಕುಂಡದ ಒಳಗೋಡೆಗೆ, ಬೇರಿನ ಸುತ್ತ, ಸುಣ್ಣ ಮೆತ್ತಿದ ಹಾಗೆ ಬಿಳಿ ಪುಡಿ ಕಾಣ್ತಿದೆ ಅಲ್ವಾ? ನಾನು ಪರ್ಲೈಟ್, ಅಂದರೆ ಕುಂಡದ ಮಣ್ಣಿಗೆ ಬೆರೆಸುವ ಹಗುರ ಬಿಳಿ ಹರಳು ಅಂದುಕೊಂಡೆ. ಆದರೆ ಪರ್ಲೈಟ್ ಒತ್ತಿದರೆ ಕರಕರ ಪುಡಿಯಾಗುತ್ತದೆ, ಇದು ಉಗುರಿಗೆ ಮೇಣದ ಹಾಗೆ ಜಿಡ್ಡಾಗಿ ಅಂಟಿತು. ಭೂತಗನ್ನಡಿ ಹಿಡಿದಾಗ ಅಕ್ಕಿ ನುಚ್ಚಿಗಿಂತ ಸಣ್ಣ ಹುಳ, ನಿಧಾನವಾಗಿ ಕಾಲಾಡಿಸುತ್ತಿತ್ತು. ಬೇರಿನ ಹಿಟ್ಟು ತಿಗಣೆ! ಇದು ಬೇರಿನ ರಸ ಹೀರುತ್ತದೆ. ಬೇರು ತುಂಬಿ ಇಕ್ಕಟ್ಟಾದ, ಒಣಗಿದ ಕುಂಡ ಇದಕ್ಕೆ ಬಹಳ ಇಷ್ಟ. ಅಡಿಯ ತೂತಿನಿಂದ ಹೊರಬಂದು ಪಕ್ಕದ ಕುಂಡಕ್ಕೂ ಹೋಗುತ್ತದೆ, ನಾನು ನೋಡಿದರೆ ಐದು ಕುಂಡ ಒಂದೇ ಟ್ರೇಯಲ್ಲಿ ಇಟ್ಟಿದ್ದೆ. ಐದನ್ನೂ ಮಗುಚಿದೆ. ಎರಡರಲ್ಲಿ ಸಿಕ್ಕಿತು.

ಹಳೆ ಮಣ್ಣು ಪೂರ್ತಿ ಕವರಿಗೆ ತುಂಬಿ ಕಟ್ಟಿ ಕಸಕ್ಕೆ ಹಾಕಿದೆ, ಬೇರೆ ಗಿಡಕ್ಕೆ ಸುರಿಯಬೇಡಿ. ಬೇರನ್ನು ನಲ್ಲಿ ಕೆಳಗೆ ಹಿಡಿದು ತೊಳೆದು, ಕೊಳೆತದ್ದನ್ನು ಕತ್ತರಿಸಿದೆ. ಆಮೇಲೆ 49 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಬೇರಷ್ಟೇ ಮುಳುಗುವ ಹಾಗೆ 10 ನಿಮಿಷ. ಥರ್ಮಾಮೀಟರ್ ಇಲ್ಲದೆ ಕೈ ಅಂದಾಜಿನಲ್ಲಿ ಮಾಡಬೇಡಿ, ಬಿಸಿ ಜಾಸ್ತಿಯಾದರೆ ಬೇರೇ ಬೆಂದು ಹೋಗುತ್ತದೆ. ಕುಂಡವನ್ನು ಸೋಪು ಹಾಕಿ ಉಜ್ಜಿ ತೊಳೆದು, ಹೊಸ ಮಣ್ಣಿನಲ್ಲಿ ನೆಟ್ಟೆ. ಬೇರಿಗೆ ಹಾಕುವ ಇಮಿಡಾಕ್ಲೋಪ್ರಿಡ್ ಔಷಧಿ ಸಿಗುತ್ತದೆ, ನಾನು ತರಲಿಲ್ಲ. ಅದು ಗಿಡದ ಮೈಯೆಲ್ಲ ಹರಡಿ ಹೂವಿಗೂ ಹೋಗುತ್ತದೆ, ಜೇನುನೊಣಕ್ಕೆ ವಿಷ. ನಾವು ಎಲೆ ಬಾಯಿಗೆ ಹಾಕುವ ತುಳಸಿಯಂಥ ಗಿಡಕ್ಕಂತೂ ಬೇಡವೇ ಬೇಡ.

ಇನ್ನು, ಮಳೆಗಾಲದಲ್ಲಿ ಕುಂಡದ ಮೇಲೆ ಹಾರುವ ಸಣ್ಣ ಕಪ್ಪು ನೊಣ ನಿಮ್ಮ ಮನೆಯಲ್ಲೂ ಇರಬಹುದು. ನೊಣದಿಂದ ಗಿಡಕ್ಕೆ ತೊಂದರೆ ಇಲ್ಲ, ಮಣ್ಣಿನೊಳಗಿನ ಅದರ ಮರಿ ಎಳೆ ಬೇರು ತಿನ್ನುತ್ತದೆ. ಮಣ್ಣಿನ ಮೇಲೆ ಒಂದು ಆಲೂಗಡ್ಡೆ ಹೋಳು ಇಟ್ಟು, ಎರಡು ಮೂರು ದಿನ ಬಿಟ್ಟು ಎತ್ತಿ ನೋಡಿ. ಕಪ್ಪು ತಲೆಯ, ಗಾಜಿನಂಥ ಬಿಳಿ ಹುಳ ಅಂಟಿರುತ್ತದೆ. ಬಳಸಿದ ಚಹಾಪುಡಿಯನ್ನು ಕುಂಡಕ್ಕೆ ಸುರಿಯುವುದು ನಿಲ್ಲಿಸಿ, ಒದ್ದೆಯಲ್ಲಿ ಅದು ಬೂಸ್ಟು ಹಿಡಿದು ಈ ಮರಿಗಳಿಗೆ ಊಟವಾಗುತ್ತದೆ. ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲೆಯೇ ನೀರು, ಪಕ್ಕದಲ್ಲಿ ಹಳದಿ ಅಂಟು ಕಾರ್ಡ್. ಮೊಟ್ಟೆಯಿಂದ ನೊಣ ಆಗಲು ಮೂರು ನಾಲ್ಕು ವಾರ ಬೇಕು, ಹಾಗಾಗಿ ಒಂದು ವಾರ ಮಾಡಿ ಬಿಟ್ಟರೆ ಮತ್ತೆ ಬರುತ್ತವೆ.

ಬೇರಿನಲ್ಲೇ ಉಬ್ಬಿದ, ಉಜ್ಜಿದರೂ ಹೋಗದ ಗಂಟು ಕಂಡರೆ ಅದು ಬೇರುಗಂಟು ಜಂತು, ಅಂದರೆ ಬೇರಿನೊಳಗೆ ಸೇರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಕೆಲಸ. ಮನಿಪ್ಲಾಂಟ್ ಆಗಿದ್ದರೆ ಆರೋಗ್ಯವಾಗಿರುವ ಕಾಂಡ ಕತ್ತರಿಸಿ ನೀರಿನಲ್ಲಿ ಬೇರು ಬರಿಸಿಕೊಳ್ಳಿ, ಹಳೆ ಬೇರು ಮಣ್ಣು ಎರಡನ್ನೂ ಬಿಸಾಡಿ.

ಇದು ಐದು ವಾರದ ನಂತರದ ಶಾಟ್. ಹೋಯಾ ಕುಂಡವನ್ನು ಮತ್ತೆ ಮಗುಚಿ ನೋಡಿದೆ. ಕುಂಡದ ಒಳಗೋಡೆಯಲ್ಲಿ ಎರಡು ಬಿಳಿ ಚುಕ್ಕೆ ಇವೆ, ಮತ್ತೊಮ್ಮೆ ತೊಳೆಯುತ್ತೇನೆ. ಆದರೆ ಇಲ್ಲಿ ನೋಡಿ, ಬೆರಳಿಟ್ಟ ಕಡೆ, ಹೊಸ ಬೇರಿನ ಬಿಳಿ ತುದಿ.