ಮೂರು ಸ್ವಿಚ್, ಮೂರು ಕೇಬಲ್: ವಿಲ್ಯಾನ್ ಎಲ್ಲಿ ಕಳೆದುಹೋಗುತ್ತೆ?

ದಾವಣಗೆರೆ ಮಂಡಿಪೇಟೆಯಲ್ಲಿ ಒಂದು ಮೂರಂತಸ್ತಿನ ಬಟ್ಟೆ ಅಂಗಡಿ ಅಂದ್ಕೊಳ್ಳಿ. ಅಂತಸ್ತಿಗೊಂದು 24 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ (ಕಂಪ್ಯೂಟರ್, ಕ್ಯಾಮೆರಾಗಳ ಕೇಬಲ್ ಸೇರೋ, ಸೆಟ್ಟಿಂಗ್ ಬದಲಾಯಿಸಬಹುದಾದ ನೆಟ್ವರ್ಕ್ ಡಬ್ಬ). ಕೆಳಗಿಂದ ನಡುವಿಗೆ ಒಂದು ಕೇಬಲ್, ನಡುವಿಂದ ಮೇಲಕ್ಕೆ ಒಂದು, ಮೇಲಿಂದ ನೇರ ಕೆಳಕ್ಕೆ ಇನ್ನೊಂದು. ಒಂದನ್ನ ಇಲಿ ಕಡಿದ್ರೂ ಬಿಲ್ಲಿಂಗ್ ನಿಲ್ಲಬಾರದು ಅಂತ ತಾನೇ ಈ ತ್ರಿಕೋನ? ಆದರೂ ಎಷ್ಟೋ ಕಡೆ ಕೇಬಲ್ ಹೋದ ದಿನ ಬಿಲ್ಲಿಂಗ್ ನಿಂತೇ ನಿಲ್ಲುತ್ತೆ.

ವಿಲ್ಯಾನ್ ಅಂದ್ರೆ ಅದೇ ಸ್ವಿಚ್ಚು, ಅದೇ ಕೇಬಲ್ಲಿನ ಮೇಲೆ ಬೇರೆಬೇರೆಯಾಗಿ ಓಡೋ ನೆಟ್ವರ್ಕ್, ಒಂದೊಂದಕ್ಕೂ ಒಂದು ನಂಬರ್. ಬಿಲ್ಲಿಂಗಿಗೆ ವಿಲ್ಯಾನ್ 10, ಕ್ಯಾಮೆರಾಗೆ 20, ಗಿರಾಕಿಗಳ ವೈಫೈಗೆ 30, ಸ್ವಿಚ್ಚುಗಳ ಮ್ಯಾನೇಜ್‌ಮೆಂಟಿಗೆ 99. ನಾಲ್ಕನ್ನೂ ಮೂರೂ ಸ್ವಿಚ್ಚಲ್ಲಿ ಕ್ರಿಯೇಟ್ ಮಾಡಿ. ನಡುವಿನ ಅಂತಸ್ತಲ್ಲಿ ಕ್ಯಾಮೆರಾನೇ ಇಲ್ಲ ಅಂತ 20 ಬಿಟ್ರೆ, ನೇರ ಕೇಬಲ್ ಹೋದಾಗ ಮೇಲಿನ ಕ್ಯಾಮೆರಾಗಳಿಗೆ ದಾರಿ ಇರಲ್ಲ.

ಮೂರನೇ ಕೇಬಲ್ ಈಗಲೇ ಹಾಕಬೇಡಿ, ಡೇಟಾ ತ್ರಿಕೋನದಲ್ಲಿ ಸುತ್ತುತ್ತಲೇ ಇರುತ್ತೆ. ಮೊದಲು ಮೂರರಲ್ಲೂ, ಈ ಸುತ್ತು ತಪ್ಪಿಸೋಕೆ ಒಂದು ದಾರಿ ಮುಚ್ಚಿಡೋ ಆರ್‌ಎಸ್‌ಟಿಪಿ ಆನ್ ಮಾಡಿ. ಕೆಳಗಿನ ಸ್ವಿಚ್ಚಿನ ಪ್ರಯಾರಿಟಿ 4096 ಇಡಿ, ಅದೇ ರೂಟ್, ಅಂದ್ರೆ ದಾರಿಗಳನ್ನೆಲ್ಲ ಲೆಕ್ಕ ಹಾಕೋ ಬುಡ, ಆಗಲಿ; ಚಿಕ್ಕ ನಂಬರೇ ಗೆಲ್ಲೋದು. ಎಲ್ಲದರಲ್ಲೂ ಡಿಫಾಲ್ಟ್ 32768 ಬಿಟ್ರೆ ಮ್ಯಾಕ್ ವಿಳಾಸ (ತಯಾರಕರು ಹಾಕಿದ ನಂಬರ್) ಚಿಕ್ಕದಿರೋದು ಗೆಲ್ಲುತ್ತೆ. ಅದು ಸಾಮಾನ್ಯವಾಗಿ ಇರೋದ್ರಲ್ಲೇ ಹಳೇ ಡಬ್ಬ.

ಟ್ರಂಕಿಗೆ, ಅಂದ್ರೆ ಸ್ವಿಚ್ಚಿಂದ ಸ್ವಿಚ್ಚಿಗೆ ಹೋಗೋ ಕೇಬಲ್ಲಿಗೆ, 23, 24ನೇ ಪೋರ್ಟು. 10, 20, 30, 99 ಟ್ಯಾಗ್ಡ್ (ಫ್ರೇಮಿನ, ಅಂದ್ರೆ ಡೇಟಾ ತುಣುಕಿನ, ಮೇಲೆ ವಿಲ್ಯಾನ್ ನಂಬರ್ ಬರೆದು ಕಳಿಸೋದು), ಎರಡೂ ತುದಿಯಲ್ಲಿ. ನೇಟಿವ್ ವಿಲ್ಯಾನ್ (ಟ್ರಂಕಲ್ಲಿ ನಂಬರಿಲ್ಲದೆ ಬಂದ ಫ್ರೇಮ್ ಸೇರೋದು) ಕೂಡ ಎರಡೂ ತುದಿಯಲ್ಲಿ ಒಂದೇ ಇರಲಿ. ಕ್ಯಾಮೆರಾ ಪೋರ್ಟಿಗೆ 20 ಅನ್‌ಟ್ಯಾಗ್ಡ್. ಕಡಿಮೆ ಬೆಲೆಯ ಸ್ಮಾರ್ಟ್ ಸ್ವಿಚ್ಚುಗಳಲ್ಲಿ ಪಿವಿಐಡಿ (ಪೋರ್ಟಿಗೆ ನಂಬರಿಲ್ಲದೆ ಬಂದ ಫ್ರೇಮಿಗೆ ಹಾಕೋ ವಿಲ್ಯಾನ್ ನಂಬರ್) ಬೇರೆ ಪುಟದಲ್ಲಿರುತ್ತೆ, ಅದನ್ನೂ 20 ಮಾಡಿ. ಅದು 1ರಲ್ಲೇ ಉಳಿದ್ರೆ ಕ್ಯಾಮೆರಾ ಕಳಿಸಿದ ಫ್ರೇಮ್ ವಿಲ್ಯಾನ್ 1ಕ್ಕೆ ಬೀಳುತ್ತೆ, ಪಿಂಗ್ (ಉತ್ತರ ಬರುತ್ತಾ ಅಂತ ನೋಡೋ ಪರೀಕ್ಷೆ) ಬರಲ್ಲ. ಮ್ಯಾನೇಜ್‌ಮೆಂಟನ್ನ 99ಕ್ಕೆ ಬದಲಾಯಿಸೋವಾಗ ನಿಮ್ಮಿಂದ ದೂರದ ಸ್ವಿಚ್ ಮೊದಲು, ಹತ್ತಿರದ್ದು ಕೊನೆಗೆ. ಉಲ್ಟಾ ಮಾಡಿದ್ರೆ ದೂರದ್ದು ಕೈಗೆ ಸಿಗಲ್ಲ, ಲ್ಯಾಪ್‌ಟಾಪ್ ಹಿಡ್ಕೊಂಡು ಮೆಟ್ಟಿಲು ಹತ್ತೋದೇ ಕೆಲಸ.

ಈಗ ಮೂರನೇ ಕೇಬಲ್ ಹಾಕಿ. ನಡು ಮತ್ತು ಮೇಲಿನ ಸ್ವಿಚ್ಚಿನ ನಡುವೆ ಒಂದು ಪೋರ್ಟ್ ಬ್ಲಾಕ್ ಆಗುತ್ತೆ. ರೈಲ್ವೆ ಗೇಟು ನೆನಪಿಸಿಕೊಳ್ಳಿ: ರಸ್ತೆ ಇದೆ, ಗೇಟು ಹಾಕಿದೆ. ಎಡವಟ್ಟಾಗೋದು ಇಲ್ಲೇ. ಆರ್‌ಎಸ್‌ಟಿಪಿ ವಿಲ್ಯಾನ್ ಪಟ್ಟಿ ನೋಡಲ್ಲ, ಎಲ್ಲಾ ವಿಲ್ಯಾನಿಗೂ ಅದರ ಮರ (ತೆರೆದ ದಾರಿಗಳ ನಕ್ಷೆ) ಒಂದೇ. ಗೇಟು ಹಾಕಿದ ಟ್ರಂಕಲ್ಲಿ 10 ಸೇರಿಸೋದು ಮರೆತಿದ್ರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲ್ಲ. ನೇರ ಕೇಬಲ್ ಕಡಿದ ದಿನ ಗೇಟು ತೆರೆಯುತ್ತೆ, ಲೈಟು ಹಸಿರು, 99ರಲ್ಲಿ ಪಿಂಗೂ ಬರುತ್ತೆ. ಮೇಲಿನ ಅಂತಸ್ತಿನ ಬಿಲ್ಲಿಂಗ್ ಮಾತ್ರ ಇಲ್ಲ. ಆಗ ಜನ ಮೊದಲು ಬೈಯೋದು ಸಾಫ್ಟ್‌ವೇರಿನವರನ್ನ.

ಅದಕ್ಕೇ ಒಂದೊಂದೇ ಕೇಬಲ್ ಕಿತ್ತು ನೋಡಿ, ಮೂರು ಸಲ. ಪ್ರತಿ ಸಲವೂ 10, 20, 30 ಮೂರರಲ್ಲೂ ಪಿಂಗ್ ಓಡ್ತಿರಲಿ. ಆರ್‌ಎಸ್‌ಟಿಪಿ ಸರಿಯಿದ್ರೆ ಒಂದೆರಡು ಪಿಂಗ್ ಹೋಗಬಹುದು ಅಷ್ಟೇ. ಮೂವತ್ತು ಸೆಕೆಂಡ್ ನಿಂತ್ರೆ ಬಹುಶಃ ಎಲ್ಲೋ ಒಂದು ಸ್ವಿಚ್ ನಿಧಾನದ ಹಳೇ ಎಸ್‌ಟಿಪಿಯಲ್ಲೇ ಇದೆ.

ಕೊನೆಗೆ ಮೂರೂ ಸ್ವಿಚ್ಚಲ್ಲಿ ಸೇವ್ ಒತ್ತಿ. ಎಷ್ಟೋ ಸ್ವಿಚ್ಚಲ್ಲಿ ಅಪ್ಲೈ ಬೇರೆ, ಸೇವ್ ಬೇರೆ. ಬರೀ ಅಪ್ಲೈ ಮಾಡಿ ಎದ್ದು ಬಂದ್ರೆ, ಮುಂದಿನ ಸಲ ಕರೆಂಟ್ ಹೋಗಿ ಬರೋವರೆಗೆ ಮಾತ್ರ ಅದು ನಡೆಯುತ್ತೆ.